ಯಬ್ಬೋಕ್ ಹೊಳೆಯ ಆಶೀರ್ವಾದ

ದೇವರ ಆಶೀರ್ವಾದವೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವುದು ಆರೋಗ್ಯ, ಸಂಪತ್ತು, ಸಂತಾನ, ಪರೀಕ್ಷೆಯಲ್ಲಿ ಜಯ. ಕೊರತೆ ನೀಗಿದರೆ ದೇವರು ಒಲಿದನೆನ್ನುತ್ತೇವೆ. ನೀಗದಿದ್ದರೆ ಮುನಿದನೆಂದು ಮರುಗುತ್ತೇವೆ. ಈ ಲೆಕ್ಕಕ್ಕೆ ಒಗ್ಗದ ಪ್ರಸಂಗವೊಂದು ಕ್ರೈಸ್ತರ ಪವಿತ್ರ ಗ್ರಂಥದಲ್ಲಿದೆ. ಅಲ್ಲಿ ಆಶೀರ್ವಾದ ಪಡೆದವನು ಅದಕ್ಕೆ ಮೊದಲು ನೆಟ್ಟಗೆ ನಡೆಯುತ್ತಿದ್ದನು. ಪಡೆದ ಮೇಲೆ ಕುಂಟಿದನು. ನನ್ನ ಬಾಳಿಗೆ ಅತ್ಯಂತ ಸಮೀಪವಾದ ಆ ಕಥೆಯನ್ನು ವಾಚಕರ ಮುಂದೆ ಇಡಬಯಸುತ್ತೇನೆ.

ಆದಿಕಾಂಡದ ಯಾಕೋಬನು ಹುಟ್ಟುವಾಗಲೇ ಅವಳಿ ಅಣ್ಣನಾದ ಏಸಾವನ ಹಿಮ್ಮಡಿಯನ್ನು ಹಿಡಿದುಕೊಂಡು ಬಂದವನು. ಬೆಳೆದ ಮೇಲೆ, ಕಣ್ಣು ಮಬ್ಬಾದ ತಂದೆ ಇಸಾಕನ ಎದುರಿಗೆ, ಕೈಗೂ ಕೊರಳಿಗೂ ಆಡಿನ ಮರಿಗಳ ಚರ್ಮವನ್ನು ಸುತ್ತಿಕೊಂಡು ನಿಂತನು. ನೀನಾರೆಂದು ತಂದೆ ಕೇಳಲು, ತಾನು ಏಸಾವನೆಂದು ಹೇಳಿ, ಅಣ್ಣನಿಗಾಗಿ ಮೀಸಲಾಗಿದ್ದ ಆಶೀರ್ವಾದವನ್ನು ಪಡೆದನು. ಅದು ಅವನಿಗೆ ನೆಮ್ಮದಿಯನ್ನು ತರಲಿಲ್ಲ. ಅಣ್ಣನ ಕೋಪಕ್ಕೆ ಅಂಜಿ, ಊರನ್ನು ಬಿಟ್ಟು, ಸೋದರಮಾವ ಲಾಬಾನನ ಮನೆಯಲ್ಲಿ 20 ವರ್ಷ ದುಡಿದನು.

ಕೊನೆಗೆ ಅವನು ಸಂಸಾರಸಮೇತನಾಗಿ ತಾಯ್ನಾಡಿಗೆ ಹೊರಟಾಗ, ಅಣ್ಣನು 400 ಜನರೊಡನೆ ಎದುರು ಬರುತ್ತಿರುವನೆಂಬ ಸುದ್ದಿ ಬಂದಿತು. ಯಾಕೋಬನು 500ಕ್ಕೂ ಮಿಕ್ಕಿ ಪಶುಗಳನ್ನು ಕಾಣಿಕೆಯಾಗಿ ಮುಂದೆ ಕಳುಹಿಸಿದನು; ಹೆಂಡಿರು ಮಕ್ಕಳನ್ನು ಯಬ್ಬೋಕ್ ಹೊಳೆಯನ್ನು ದಾಟಿಸಿದನು. ಇಂದು ಜೋರ್ಡಾನ್ ದೇಶದಲ್ಲಿ ಜರ್ಕಾ ಎಂಬ ಹೆಸರಿನಿಂದ ಹರಿಯುವ ಹೊಳೆಯದು. ಆ ರಾತ್ರಿ ಒಬ್ಬಂಟಿಯಾಗಿ ಉಳಿದ ಅವನೊಡನೆ ಒಬ್ಬ ಪುರುಷನು ಬೆಳಕು ಹರಿಯುವ ತನಕ ಹೋರಾಡಿದನು. ಕಡೆಗೆ ಆ ಪುರುಷನು ಅವನ ತೊಡೆಯ ಕೀಲನ್ನು ಮುಟ್ಟಲು, ಅದು ತಪ್ಪಿತು. ಕಾಲಿನ ಬಲ ಹೋದವನು ಇನ್ನು ಹೋರಾಡುವುದೆಂತು? ಅವನಿಂದಾಗುವುದು ಒಂದೇ ಆಗಿತ್ತು: ಬಿಗಿಯಾಗಿ ತಬ್ಬಿ ಹಿಡಿಯುವುದು. ಆಶೀರ್ವದಿಸಿದ ಹೊರತು ಬಿಡೆನೆಂದು ಅವನು ಹಟ ಹಿಡಿದನು. ಅವನು ಅಳುತ್ತ ಬೇಡಿದನೆಂದು ಪ್ರವಾದಿಯಾದ ಹೋಶೇಯನು ಹೇಳುತ್ತಾನೆ.

ಆಗ ಆ ಪುರುಷನು ಕೇಳಿದ್ದು ಅವನ ಹೆಸರನ್ನು. ಹಿಂದೆ ತಂದೆಯ ಮುಂದೆ ಅಣ್ಣನ ಹೆಸರನ್ನು ಹೇಳಿದ್ದವನು, ಈ ಬಾರಿ ಯಾಕೋಬನೆಂದು ತನ್ನದೇ ಹೆಸರನ್ನು ಹೇಳಿದನು. ಕಥೆಯ ತಿರುಳು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಮೊದಲನೆಯ ಆಶೀರ್ವಾದವು ವೇಷಕ್ಕೆ ದೊರೆತದ್ದು. ಎರಡನೆಯದು ಸೋತ ಕಾಲಿನ ನಿಜವಾದ ಮನುಷ್ಯನಿಗೆ ದೊರೆತದ್ದು. ಇಸ್ರಾಯೇಲನೆಂಬ ಹೊಸ ಹೆಸರು ಬಂದದ್ದು ಹಳೆಯ ಹೆಸರನ್ನು ಒಪ್ಪಿಕೊಂಡ ಮೇಲೆಯೇ.

ಈ ಮಾತು ನನಗೆ ಏಕೆ ನಾಟಿತೆಂಬುದನ್ನು ಹೇಳಬೇಕು. ನನಗೆ ಬಾಲ್ಯದಿಂದಲೂ ಉಗ್ಗು ಇದೆ. ಉಗ್ಗುವವರಲ್ಲಿ ಅನೇಕರು ಬಲ್ಲ ಸಂಗತಿಯೊಂದುಂಟು: ಎಲ್ಲಕ್ಕಿಂತ ಕಷ್ಟವಾದುದು ತಮ್ಮ ಹೆಸರನ್ನು ಹೇಳುವುದು. ಬೇರೆ ಪದವು ತಡೆದರೆ ಸಮಾನಾರ್ಥಕ ಪದದ ಮೊರೆ ಹೋಗಬಹುದು; 'ನೀರು' ಬಾರದಿದ್ದರೆ 'ಜಲ' ಎನ್ನಬಹುದು. ಹೆಸರಿಗೆ ಅಂತಹ ಆಸರೆಯಿಲ್ಲ. ಹೊಟ್ಟೆಪಾಡಿಗಾಗಿ ಈ ಮುಂಬಯಿಗೆ ಬಂದವರಿಗಂತೂ ಬಾಡಿಗೆಯ ಕೋಣೆ ಕೇಳುವಲ್ಲಿ, ಕೆಲಸ ಕೇಳುವಲ್ಲಿ, ಎಲ್ಲೆಲ್ಲಿಯೂ ಎದುರಾಗುವ ಮೊದಲ ಪ್ರಶ್ನೆ ಹೆಸರಿನದೇ. ಈ ತೊಡಕನ್ನು ತೆಗೆದುಬಿಡೆಂದು ನಾನು ಎಷ್ಟೋ ರಾತ್ರಿ ದೇವರನ್ನು ಬೇಡಿದ್ದೇನೆ, ಜಗಳವಾಡಿದ್ದೇನೆ. ಮಾತನ್ನೇ ವೃತ್ತಿಯಾಗಿ ಕೊಟ್ಟು ಮಾತಿಗೇ ತಡೆಯೊಡ್ಡುವುದು ಯಾವ ನ್ಯಾಯವೆಂದು ಕೇಳಿದ್ದೇನೆ. ಉಗ್ಗು ಹೋಗಲಿಲ್ಲ.

ಈ ಹಾದಿಯಲ್ಲಿ ನನಗಿಂತ ಮೊದಲು ನಡೆದವರಿದ್ದಾರೆಂಬುದು ಓದುತ್ತ ತಿಳಿಯಿತು. ತನ್ನ ನಾಲಿಗೆ ಮಂದವೆಂದು ಮೋಶೆಯು ಹಿಂಜರಿದಾಗ, ದೇವರು ಆ ನಾಲಿಗೆಯನ್ನು ಚುರುಕುಗೊಳಿಸಿದನೆಂದು ಗ್ರಂಥವು ಹೇಳುವುದಿಲ್ಲ; ಅವನ ಅಣ್ಣ ಆರೋನನನ್ನು ಜೊತೆಗೆ ಕೊಟ್ಟನೆನ್ನುತ್ತದೆ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ತನ್ನ ಶರೀರದಲ್ಲಿ ನಾಟಿದ ಶೂಲವೊಂದನ್ನು ಕುರಿತು ಹೇಳುತ್ತಾನೆ. ಅದು ಯಾವ ಬಾಧೆಯೆಂಬುದನ್ನು ಅವನು ಬಿಡಿಸಿ ಹೇಳಿಲ್ಲ. ಅದು ತೊಲಗಲೆಂದು ಅವನು ಮೂರು ಸಲ ಬೇಡಿದನು. ಶೂಲವು ತೊಲಗಲಿಲ್ಲ, ಕೃಪೆಯು ಸಾಕೆಂಬ, ಬಲವು ಬಲಹೀನತೆಯಲ್ಲಿಯೇ ಪೂರ್ಣವಾಗುವುದೆಂಬ ಉತ್ತರ ದೊರೆಯಿತು. ಗೆತ್ಸೇಮನೆಯ ತೋಟದಲ್ಲಿ ಯೇಸುಸ್ವಾಮಿಯು ಬೇಡಿದ್ದೂ ಮೂರು ಸಲವೇ. ಆ ಕಹಿಯ ಪಾತ್ರೆಯೂ ತೊಲಗಲಿಲ್ಲ.

ಹಾಗೆಂದು ಬಲಹೀನತೆಯೇ ಆಶೀರ್ವಾದವೆಂದು ನಾನು ಹೇಳುವುದಿಲ್ಲ. ನೋವು ನೋವೇ. ನರಳುವವರ ಮುಂದೆ ನಿಂತು, ಇದು ನಿಮ್ಮ ಭಾಗ್ಯವೆನ್ನುವುದು ಕ್ರೂರವಾದೀತು. ಔಷಧವುಂಟಾದರೆ ಕೊಳ್ಳಬೇಕು, ಉಗ್ಗಿಗೂ ಇಂದು ತಜ್ಞರ ನೆರವುಂಟು, ಅದನ್ನು ಪಡೆಯುವುದು ಅವಿಶ್ವಾಸವಲ್ಲ. ನಾನು ಹೇಳುವುದಿಷ್ಟೇ: ದೇವರೊಡನೆ ಹೋರಾಡುವವನು ದೇವರಿಂದ ದೂರವಾದವನಲ್ಲ. ತೋಳಳತೆಯಲ್ಲಿ ಇಲ್ಲದವನೊಡನೆ ಕುಸ್ತಿ ಹೇಗೆ ಸಾಧ್ಯ?

ನನಗೆ ದೊರೆತ ಆಶೀರ್ವಾದವು ತರಗತಿಯಲ್ಲಿದೆ. ಮಕ್ಕಳೊಡನೆ ಒಂದೇ ಕಂಠವಾಗಿ ಪದ್ಯವನ್ನು ಹೇಳುವಾಗ ನನ್ನ ಉಗ್ಗು ಮಾಯವಾಗುತ್ತದೆ. ಒಂಟಿ ದನಿಗೆ ಅಸಾಧ್ಯವಾದುದು ಕೂಡಿದ ದನಿಗೆ ಸುಲಭವಾಗುವ ಈ ಸೋಜಿಗವು ಉಗ್ಗುವವರಲ್ಲಿ ಸಾಮಾನ್ಯವೆಂದು ಬಲ್ಲವರು ಹೇಳುತ್ತಾರೆ. ಗಟ್ಟಿಯಾಗಿ ಓದಲು ಅಂಜಿ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸುತ್ತಿದ್ದ ಹುಡುಗನೊಬ್ಬನು ಕಳೆದ ವರ್ಷ ನನ್ನ ಬಳಿಗೆ ಬಂದು, "ನಿಮ್ಮ ಜೊತೆಯಾದರೆ ಓದುತ್ತೇನೆ, ಸರ್" ಎಂದನು. ನಿರರ್ಗಳವಾಗಿ ಮಾತನಾಡುವ ಉಪಾಧ್ಯಾಯರಲ್ಲಿ ಅವನು ಹಾಗೆ ಕೇಳುತ್ತಿದ್ದನೇ? ನನ್ನ ಸೋತ ನಾಲಿಗೆಯೇ ಅವನಿಗೆ ಬಾಗಿಲನ್ನು ತೆರೆಯಿತು.

ಬೆಳಗಾದಾಗ ಯಾಕೋಬನು ಕುಂಟುತ್ತ ಅಣ್ಣನ ಎದುರಿಗೆ ನಡೆದನು. 400 ಜನರೊಡನೆ ಬಂದ ಏಸಾವನು ಓಡಿ ಬಂದು ಅವನನ್ನು ಅಪ್ಪಿಕೊಂಡನು, ಇಬ್ಬರೂ ಅತ್ತರು. ಓಡಲಾರದವನ ಬಳಿಗೆ ಅಣ್ಣನೇ ಓಡಿ ಬಂದನು! ವಿದ್ಯಾರ್ಥಿ ಮಿತ್ರರೇ, ನಿಮ್ಮ ನಿಮ್ಮ ಯಬ್ಬೋಕ್ ಹೊಳೆಯು ಒಂದು ದಿನ ನಿಮಗೂ ಎದುರಾದೀತು. ಅಂದು ಪರರ ವೇಷವನ್ನು ತೊಡದೆ, ಹಿಡಿದುದನ್ನು ಬಿಡದೆ, ನಿಮ್ಮ ಹೆಸರನ್ನೇ ಹೇಳಿರಿ. ತಡೆದು ತಡೆದು ಬಂದರೂ ಚಿಂತೆಯಿಲ್ಲ. ಕೇಳುವಾತನಿಗೆ ಅವಸರವಿಲ್ಲ.