ಯಾವ ಶ್ರೀನಾಥ್ ಮಾರಾಯ್ರೆ?

ಬರೀ ‘ಶ್ರೀನಾಥ್’ ಅಂದರೆ ಸಾಲುವುದಿಲ್ಲ. ನನ್ನ ಅಮ್ಮನಿಗೆ ಅದು ‘ಶುಭಮಂಗಳ’, ‘ಮಾನಸ ಸರೋವರ’ದ ನಟ. ನನಗೆ 236 ಟೆಸ್ಟ್ ವಿಕೆಟ್, 315 ಏಕದಿನ ವಿಕೆಟ್ ಕಿತ್ತ ಮೈಸೂರಿನ ವೇಗದ ಬೌಲರ್. ಒಬ್ಬರ ಹಿಂದೆ ‘ಪ್ರಣಯರಾಜ’, ಇನ್ನೊಬ್ಬರ ಹಿಂದೆ ‘ಜಾವಗಲ್’ ಇರುವುದರಿಂದ ನಮ್ಮ ಮನೆಯಲ್ಲಿ ಜಗಳವಿಲ್ಲ. ಜಾವಗಲ್ ಅಂದರೆ ಹಾಸನ ಜಿಲ್ಲೆಯ ಒಂದು ಊರು.

ವಿಷ್ಣುವರ್ಧನ್ ಕೂಡ ಇಬ್ಬರು. ನಟನ ಮನೆಯ ಹೆಸರು ಸಂಪತ್ ಕುಮಾರ್. 1972ರ ‘ನಾಗರಹಾವು’ ಸಿನಿಮಾಕ್ಕೆ ಪುಟ್ಟಣ್ಣ ಕಣಗಾಲ್ ಹೊಸ ಹೆಸರಿಟ್ಟರು. ಇನ್ನೊಬ್ಬರು ಹೈದರಾಬಾದಿನ ಟೆನಿಸ್ ಆಟಗಾರ. 2010ರ ಏಷ್ಯನ್ ಗೇಮ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಬೆಳ್ಳಿ ಗೆದ್ದವರು, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಲಿಯಾಂಡರ್ ಪೇಸ್ ಜೊತೆ ಡಬಲ್ಸ್ ಆಡಿದವರು. ಫೋನಿನಲ್ಲಿ ಕನ್ನಡದಲ್ಲಿ ಆ ಹೆಸರು ಹುಡುಕಿ ನೋಡಿ, ಸಾಹಸಸಿಂಹನೇ ಬರುತ್ತಾರೆ. ಒಲಿಂಪಿಕ್ಸ್ ಆಡಿದವರಿಗೇ ಈ ಗತಿ.

ಕೆಲವು ಕಡೆ ಊರ ಹೆಸರೇ ಇಬ್ಬರಿಗೂ ಒಂದಾಗಿರುತ್ತದೆ. ಕಾಸರಗೋಡಿನ ಕುಂಬಳೆಯಿಂದ ಬಂದ ಹೆಸರು ಅನಿಲ್ ಕುಂಬ್ಳೆಯವರದ್ದು. ತಾಳಮದ್ದಳೆಯ ದೊಡ್ಡ ಅರ್ಥಧಾರಿ, ಯಕ್ಷಗಾನದ ವೇಷಧಾರಿ ಕುಂಬ್ಳೆ ಸುಂದರ ರಾವ್ ಅವರದ್ದೂ ಅದೇ. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅನಿಲ್ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದಾಗ ಸುಂದರ ರಾವ್ ಸುರತ್ಕಲ್ ಶಾಸಕರಾಗಿದ್ದರು. ನಮ್ಮ ಜಿಲ್ಲೆಯ ಪಡುಕೋಣೆಯದ್ದೂ ಇದೇ ಕತೆ: ಬ್ಯಾಡ್ಮಿಂಟನ್‌ನ ಪ್ರಕಾಶ್, ಸಿನಿಮಾದ ದೀಪಿಕಾ ಅಪ್ಪ ಮಗಳು. ಅವರಿಗಿಂತ ಮೊದಲಿನ ಗುರುದತ್ ಕೂಡ ಪಡುಕೋಣೆ.

ದೊಡ್ಡವರಿಗೆ ಬಿರುದೋ ಊರೋ ಕಾವಲಿಗಿರುತ್ತದೆ. ನಮ್ಮ ಅಲೆವೂರಿನಂಥ ಕಡೆ ಒಂದೇ ಹೆಸರಿನವರು ಮೂರು ನಾಲ್ಕು ಜನ ಇದ್ದೇ ಇರುತ್ತಾರೆ. ಇಲ್ಲಿ ಮನೆ ಹೆಸರು ಹೇಳಿದರೆ ಮುಗಿಯಿತು. ಆದರೆ ಸುದ್ದಿ ಡೆಸ್ಕಿಗೆ ಹೋದಾಗ ಜಾಗ ಇಲ್ಲ ಅಂತ ಮೊದಲು ಹಾರುವುದು ಮನೆ ಹೆಸರೇ.

ಕಳೆದ ವರ್ಷ ನಮ್ಮ ಕಡೆಯ ಒಬ್ಬ ನಾಟಕದವನ ಮೇಲೆ ವಂಚನೆ ಕೇಸಾಯಿತು. ಅದೇ ಹೆಸರಿನ, ಅದೇ ಕುಲನಾಮದ ಒಬ್ಬ ಕಬಡ್ಡಿ ಹುಡುಗನಿದ್ದಾನೆ. ಒಂದು ಸುದ್ದಿ ವೆಬ್‌ಸೈಟಿನವರು ಫೇಸ್‌ಬುಕ್ಕಿನಲ್ಲಿ ಹುಡುಕಿ, ಕಪ್ ಹಿಡಿದು ನಿಂತ ಈ ಹುಡುಗನ ಫೋಟೋ ಹಾಕಿಬಿಟ್ಟರು. ಮರುದಿನ ತೆಗೆದರು, ತಪ್ಪಾಯಿತು ಅಂತ ಒಂದು ಸಾಲೂ ಬರೆಯಲಿಲ್ಲ. ಅಷ್ಟರಲ್ಲಿ ಅದು ಊರಿನ ಎಲ್ಲ ವಾಟ್ಸ್ಯಾಪ್ ಗುಂಪು ಸುತ್ತಿತ್ತು. ಹುಡುಗನಿಗೆ ಮದುವೆ ಮಾತುಕತೆ ನಡೆಯುತ್ತಿತ್ತು. ಹುಡುಗಿಯ ಕಡೆಯವರು “ಸ್ವಲ್ಪ ದಿನ ಬಿಟ್ಟು ನೋಡುವ” ಅಂದರು.

ಅವನ ಅಮ್ಮ ನನ್ನ ಹತ್ತಿರ ಬಂದು, “ಮಗಾ, ನೀನು ಪೇಪರಿನವ ಅಲ್ವಾ? ಅದು ನನ್ನ ಮಗ ಅಲ್ಲ ಅಂತ ಎರಡು ಸಾಲು ಹಾಕ್ಲಿಕ್ಕೆ ಆಗುದಿಲ್ವಾ?” ಅಂದರು.

ಇನ್ನೊಬ್ಬರು ಹಾಕಿದ್ದಕ್ಕೆ ನಮ್ಮ ಪೇಪರು ತಿದ್ದುಪಡಿ ಹಾಕುವುದಿಲ್ಲ. ಮುಂದಿನ ಟೂರ್ನಮೆಂಟಿಗೆ ನಾನೇ ಹೋದೆ. ಹುಡುಗ ಒಳ್ಳೆಯ ರೈಡರ್, ಸುಳ್ಳು ಹೊಗಳಬೇಕಾಗಲಿಲ್ಲ. ವರದಿಯ ಮೊದಲ ಸಾಲಿನಲ್ಲೇ ಅವನ ಹೆಸರು, ಪ್ರಾಯ, ಮನೆ ಹೆಸರು, ಅಪ್ಪನ ಹೆಸರು ಬರೆದೆ. ಕತ್ತರಿ ಯಾವಾಗಲೂ ಕೆಳಗಿನಿಂದ ಬರುತ್ತದೆ, ಮೊದಲ ಸಾಲು ಉಳಿಯಿತು. ಫೋಟೋವೂ ಬಂತು.

ಆ ತುಂಡನ್ನು ಅಮ್ಮ ಕತ್ತರಿಸಿ ಹುಡುಗಿಯ ಮನೆಗೆ ಕಳಿಸಿದರಂತೆ. ಉತ್ತರ ಇನ್ನೂ ಬಂದಿಲ್ಲ.