ಮಂಗಳೂರಿನ ಕಡಲ ಕರೆಯಲ್ಲಿ

ನೇತ್ರಾವತಿಯೂ ಗುರುಪುರ ನದಿಯೂ ಕೂಡಿ ಪಶ್ಚಿಮ ಸಮುದ್ರವನ್ನು ಸೇರುವೆಡೆಯಲ್ಲಿ ಮಂಗಳೂರು ನೆಲಸಿರುವುದು. ಬೋಳೂರಿನ ಹೊಳೆಯ ದಡದಲ್ಲಿ ಟಿಪ್ಪೂ ಸುಲ್ತಾನನು 1784ರಲ್ಲಿ ಕಟ್ಟಿಸಿದ ಕಾವಲುಗೋಪುರವನ್ನು ನಾವು ಮೊದಲು ಕಂಡೆವು. ಶತ್ರುನೌಕೆಗಳಿಗಾಗಿ ತೆರೆದಿದ್ದ ಅದರ ಕಂಡಿಗಳಿಗೆ ಈಗ ಗೋಚರಿಸುವುವು ಮೀನುದೋಣಿಗಳು. ಆಚೆಯ ದಡವೇ ತಣ್ಣೀರುಬಾವಿಯ ಮರಳು. ಉತ್ತರದ ಪಣಂಬೂರಿನಲ್ಲಿ ಮಕ್ಕಳು ಗಾಳಿಪಟವಾಡಿಸುತ್ತಿರಲು ಬಂದರಿನ ಹಡಗುಗಳು ದೂರದಲ್ಲಿ ಹಾದುಹೋಗುವುವು.

ದಕ್ಷಿಣಕ್ಕೆ ಉಳ್ಳಾಲ, ರಾಣಿ ಅಬ್ಬಕ್ಕನು ಪೋರ್ಚುಗೀಸರನ್ನು ಎದುರಿಸಿದ ನೆಲ. ಆ ನೆಲವನ್ನೇ ಇಂದು ಮಳೆಗಾಲದ ಕಡಲು ಕೊರೆಯುತ್ತಲಿದೆ. ತೆಂಗಿನ ಮರಗಳೂ ಬಡವರ ಮನೆಗಳೂ ಅದರ ಪಾಲಾಗಿವೆ. ತಡೆಗೆಂದು ಬಂಡೆಗಳನ್ನು ಒಟ್ಟಿರುವರು. ಸಮೀಪದ ಸೋಮೇಶ್ವರದಲ್ಲಿ ದೇವಾಲಯದ ಬುಡದ ಬಂಡೆಗಳ ಮೇಲೆ ಸೂರ್ಯಾಸ್ತವನ್ನು ನೋಡುವುದು ಪರಮ ಸಂತೋಷಕರ. ಆದರೆ ಅಲ್ಲಿಯ ಸೆಳೆತವು ಈಜುಬಲ್ಲವರನ್ನೂ ಬಿಡದು. ಮಕ್ಕಳೊಂದಿಗೆ ಹೋಗುವ ಗೃಹಸ್ಥರು ದಡದಿಂದಲೇ ನಮಸ್ಕರಿಸುವುದು ಲೇಸು.