ಶುರು ಮಾಡಿದ್ದನ್ನು ಕೈಗೆ ಕೊಡೋಣ



ಕಂಪ್ಯೂಟರ್ ಕಲಿತವರ ಮನೆಗಳಲ್ಲಿ ಅರ್ಧಕ್ಕೆ ನಿಂತ ಆ್ಯಪ್‌ಗಳಿಗೆ ಬರವಿಲ್ಲ. ಶುರು ಮಾಡುವ ಹುರುಪು ಒಂದು, ಮುಗಿಸಿ ಇನ್ನೊಬ್ಬರ ಕೈಗೆ ಕೊಡುವ ವಿದ್ಯೆ ಇನ್ನೊಂದು. ಎರಡನೆಯದನ್ನು ನಮ್ಮ ತಂಡ ಕಲಿತದ್ದು ಹಾಡಿನ ಪುಸ್ತಕದಿಂದ.

ನಮ್ಮ ಕಾಸರಗೋಡು ಕಡೆಯ ಚರ್ಚಿನಲ್ಲಿ ಕೊಂಕಣಿ ಹಾಡುಗಳೂ ಕನ್ನಡ ಲಿಪಿಯಲ್ಲೇ ಇವೆ. ಮಲಯಾಳ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ರಾಗ ಗೊತ್ತು, ಅಕ್ಷರ ಗೊತ್ತಿಲ್ಲ. ಪುಸ್ತಕ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಹಾಗೆ ನಿಂತವರು ಗಾಯನ ಮಂಡಳಿಗೆ ಬರುವುದಾದರೂ ಹೇಗೆ? ಒಮ್ಮೆ ಒತ್ತಿದರೆ ಹಾಡು ಮಲಯಾಳ ಲಿಪಿಗೆ ತಿರುಗುವ ಪುಟ ಮಾಡಲು ಹೊರಟೆವು.

ಯೂನಿಕೋಡ್‌ನಲ್ಲಿ ಈ ಎರಡು ಲಿಪಿಗಳ ಅಕ್ಷರಗಳು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿವೆ. ಕನ್ನಡದ ‘ಕ’ಕಾರದ ಸಂಖ್ಯೆ 3221, ಮಲಯಾಳದ್ದು 3349. 128 ಕೂಡಿಸಿದರೆ ಲಿಪಿ ಬದಲಾಗುತ್ತದೆ. ಪದದ ಕೊನೆಯ ಣ್, ನ್, ಲ್, ಳ್, ರ್‌ಗಳಿಗೆ ಮಾತ್ರ ಮಲಯಾಳದಲ್ಲಿ ಚಿಲ್ಲಕ್ಷರ ಎಂಬ ಬೇರೆ ರೂಪವಿದೆ. ಅದಕ್ಕೊಂದು ಚಿಕ್ಕ ಪಟ್ಟಿ ಸಾಕಾಯಿತು.

ಅಷ್ಟರಲ್ಲಿ ಆಸೆಗಳು ಬೆಳೆದವು. ಒಬ್ಬರಿಗೆ ಧ್ವನಿ ಬೇಕು, ಒಬ್ಬರಿಗೆ ಸ್ವರಲಿಪಿ ಬೇಕು, ಇನ್ನೊಬ್ಬರಿಗೆ ಲಾಗಿನ್. ಒಂದು ಹಾಳೆಯ ನಡುವೆ ಗೆರೆ ಎಳೆದೆವು. ಮೇಲೆ ಮೂರೇ: ಬರೆದವರ ಒಪ್ಪಿಗೆ ಸಿಕ್ಕ 20 ಹಾಡು, ಎರಡು ಲಿಪಿ, ದೊಡ್ಡ ಅಕ್ಷರ. ಉಳಿದದ್ದೆಲ್ಲ ಕೆಳಗೆ. ಮೇಲಿನದು ಆದ ವಾರವೇ ಆವೃತ್ತಿ 0.1 ಎಂದು ಹೆಸರಿಟ್ಟು ಬಿಡುಗಡೆ ಮಾಡಿದೆವು.

ಚಿಕ್ಕ ಸಂಖ್ಯೆಗೆ ನಾಚಬೇಕಾಗಿಲ್ಲ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಸೆಪ್ಟೆಂಬರಿನಲ್ಲಿ ಲಿನಕ್ಸ್ ಹೊರಗಿಟ್ಟಾಗ ಅದು 0.01. ಆವೃತ್ತಿ 1.0 ಬಂದದ್ದು 1994ರ ಮಾರ್ಚಿನಲ್ಲಿ. ನಡುವಿನ ಎರಡೂವರೆ ವರ್ಷ ಬೇರೆಯವರು ಅದನ್ನು ಬಳಸಿದರು, ಕುಂದು ಹೇಳಿದರು, ಕೋಡ್ ಕಳಿಸಿದರು.

ನಮಗೂ ಹಾಗೇ ಆಯಿತು. “ಹಾಡಿನ ಮಧ್ಯೆ ಫೋನಿನ ಪರದೆ ಆರಿಹೋಗ್ತದೆ ಅಕ್ಕಾ” ಎಂದಳು ಆರನೇ ತರಗತಿಯ ಹುಡುಗಿ. ಗೆರೆಯ ಮೇಲೂ ಕೆಳಗೂ ಇಲ್ಲದ ಮಾತು ಅದು. ಹಾಡುವವರ ಕೈಗೆ ಹೋದ ಮೇಲಷ್ಟೇ ತಿಳಿಯುವಂಥದ್ದು. 0.2ರಲ್ಲಿ ಪರದೆ ಆರುವುದಿಲ್ಲ. ಆ ಹುಡುಗಿ ಈಗ ಎರಡನೇ ಸಾಲಿನಲ್ಲಿ ನಿಂತು ಹಾಡುತ್ತಾಳೆ. ಧ್ವನಿ, ಸ್ವರಲಿಪಿ ಇನ್ನೂ ಗೆರೆಯ ಕೆಳಗೇ ಇವೆ, ಯಾರೂ ಕೇಳಿಲ್ಲ.

ನಿಮ್ಮಲ್ಲೂ ಅರ್ಧಕ್ಕೆ ನಿಂತದ್ದೊಂದು ಇರಬಹುದು. ಅದು ಯಾರಿಗಾಗಿ ಎಂದು ಮೊದಲು ಬರೆಯಿರಿ. ಅವರಿಗೆ ಬೇಕಾದ ಮೂರು ಸಂಗತಿ ಬರೆದು ಕೆಳಗೆ ಗೆರೆ ಎಳೆಯಿರಿ. ಒಂದು ಭಾನುವಾರ ಗೊತ್ತು ಮಾಡಿ, ಅವರ ಕೈಗೆ ಕೊಡಿ.